ಸಕ್ಕರೆಯ ಸೀಮೆಯಲ್ಲಿ ಪಥ್ಯ

“ಅನ್ನ ಕಡಿಮೆ ಮಾಡಿ, ಸಕ್ಕರೆ ಬಿಡಿ, ದಿನಕ್ಕೆ ಅರ್ಧ ಗಂಟೆ ನಡೆಯಿರಿ.” ಮೈತೂಕ ಇಳಿಸಬೇಕೆಂದು ಹೋದವರಿಗೆ ವೈದ್ಯರು ಈಗ ಹೇಳುವ ಮಾತು ಬಹುಮಟ್ಟಿಗೆ ಇಷ್ಟೆ. ಬೇರೆ ಊರುಗಳಲ್ಲಿ ಇದು ಬರಿಯ ಪಥ್ಯದ ಮಾತು. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಹಾಗಲ್ಲ. ಬತ್ತ ಮತ್ತು ಕಬ್ಬುಗಳಿಂದಲೇ ಮನೆ ಕಟ್ಟಿ, ಮಕ್ಕಳನ್ನು ಓದಿಸಿದ ಜನಕ್ಕೆ ಅವೆರಡನ್ನೂ ಬಿಡಿ ಎಂದರೆ, ತೊಂಬತ್ತು ವರ್ಷಗಳ ಚರಿತ್ರೆಯನ್ನು ತಟ್ಟೆಯ ಅಂಚಿಗೆ ಸರಿಸಿ ಎಂದಂತೆಯೇ ಸರಿ.

ಈ ಸೀಮೆ ಮೊದಲಿನಿಂದಲೂ ಹಸಿರಾಗಿದ್ದದ್ದಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ಹಳೆಯ ಕಾಲುವೆಗಳಿದ್ದುವು. ಮದ್ದೂರಿಗೆ ಶಿಂಷಾ ಹೊಳೆಯೂ ಕೆರೆಯೂ ಇದ್ದುವು. ಉಳಿದ ನೆಲ ಬಹುಪಾಲು ಮಳೆಯನ್ನೇ ನಂಬಿದ ಬೆದ್ದಲು. ರಾಗಿ, ಅದರ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಜೊತೆಗೆ ಹುರುಳಿ. ಇದೇ ಇಲ್ಲಿಯ ಬೆಳೆ, ಇದೇ ಊಟ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿಯಿತು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗದಲ್ಲಿ ನೀರನ್ನು ಹಾಯಿಸಿದರು. ವೈಸರಾಯ್ ಇರ್ವಿನ್ನರ ಹೆಸರು ಹೊತ್ತು ಬಂದ ಆ ನಾಲೆ ಇಂದು ವಿಶ್ವೇಶ್ವರಯ್ಯ ನಾಲೆ. ಅದರ ಬೆನ್ನಿಗೇ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ನರು ಅದರ ಹಿಂದೆ ದುಡಿದವರು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಒಂದು ನಾಲೆ ಹತ್ತು ವರ್ಷದೊಳಗೆ ಒಂದು ಕಾರ್ಖಾನೆಯನ್ನೂ ಒಂದು ಜಿಲ್ಲೆಯನ್ನೂ ಹೆತ್ತಿತೆಂದರೆ ಉತ್ಪ್ರೇಕ್ಷೆಯಲ್ಲ.

ನೀರು ಬಂದೊಡನೆ ತಟ್ಟೆ ಬದಲಾಗಲಿಲ್ಲ. ಗದ್ದೆಯ ಬತ್ತ ಪೇಟೆಗೆ, ಮನೆಗೆ ಮುದ್ದೆ; ಅನ್ನ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ. ಅಕ್ಕಿಗೆ ಮೊದಲಿನಿಂದಲೂ ಒಂದು ಪೀಠವಿದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಬತ್ತಕ್ಕೂ ರಾಗಿಗೂ ಜಗಳ ಹತ್ತಿ, ರಾಮನ ಸಭೆಯಲ್ಲಿ ರಾಗಿ ಗೆದ್ದು ರಾಘವನ ಹೆಸರನ್ನೇ ಪಡೆಯುತ್ತದೆ. ಕಾವ್ಯದಲ್ಲಿ ಗೆದ್ದ ರಾಗಿ ಊರಿನಲ್ಲಿ ಸೋತಿತು. ಕೈಯಲ್ಲಿ ಕಾಸಾಡಿದಂತೆಲ್ಲ ದಿನವೂ ಅನ್ನವುಣ್ಣುವುದು ಅನುಕೂಲಸ್ಥರ ಲಕ್ಷಣವಾಯಿತು. ಇದನ್ನು ಹಗುರವಾಗಿ ಹಾಸ್ಯಮಾಡುವುದು ಸಲ್ಲದು. ವರ್ಷಕ್ಕೆ ನಾಲ್ಕು ಸಲ ಅನ್ನ ಕಂಡ ಮುದುಕಿಗೆ, ಮೊಮ್ಮಗ ಮೂರು ಹೊತ್ತೂ ಅನ್ನವುಣ್ಣುವುದು ವೈಭವವಲ್ಲದೆ ಮತ್ತೇನು?

ತಟ್ಟೆಗಿಂತ ಹೆಚ್ಚಾಗಿ ಬದಲಾದದ್ದು ಮೈಯ ದುಡಿಮೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮುಂದೆ ವಿದ್ಯುತ್ತು ಹಳ್ಳಿಗಳಿಗೂ ಬಂದು, ಹಿಟ್ಟಿನ ಗಿರಣಿ, ಅಕ್ಕಿಯ ಗಿರಣಿಗಳು ಎದ್ದಾಗ, ಬೀಸುವ ಕಲ್ಲೂ ಒನಕೆಯೂ ಮೂಲೆ ಸೇರಿದುವು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿದ್ದು ದೊಡ್ಡ ಲಾಭ. ಬೀಸುವ ಪದಗಳು ಹೋದುವೆಂದು ಮರುಗುವ ನಮ್ಮಂಥ ಕನ್ನಡದ ಮೇಷ್ಟ್ರುಗಳು ಒಂದು ಮುಂಜಾನೆಯಾದರೂ ಕಲ್ಲು ತಿರುಗಿಸಿ ನೋಡಬೇಕು. ಆದರೆ ಗಿರಣಿ ಅಕ್ಕಿಯ ತೌಡನ್ನೂ ತೆಗೆದುಹಾಕಿತು. ದುಡಿಮೆ ಇಳಿಯಿತು, ಉಣ್ಣುವ ಅಳತೆ ಇಳಿಯಲಿಲ್ಲ. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎಂದು ಗಾದೆ. ಈಗ ಹಿಟ್ಟು ಉಂಟು, ಬೆಟ್ಟ ಕೀಳುವ ಕೆಲಸವಿಲ್ಲ.

ಪಿಷ್ಟ ಸಕ್ಕರೆಗಳನ್ನು ತಗ್ಗಿಸಿ ಮೈ ಇಳಿಸುವ ಉಪಾಯವನ್ನು ಹೊಸದೆಂದು ಭಾವಿಸಬೇಕಾಗಿಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ಉದ್ಯೋಗದಲ್ಲಿದ್ದ ವಿಲಿಯಂ ಬ್ಯಾಂಟಿಂಗ್ ಎಂಬವರು 1863ರಲ್ಲಿ ಒಂದು ಕಿರುಹೊತ್ತಗೆ ಬರೆದರು. ತೂಕ ಇಳಿಸಲು ಅವರು ಮೊದಲು ಬೆಳಬೆಳಗ್ಗೆ ದೋಣಿಯ ಹುಟ್ಟು ಹಾಕಿದರು. ಹಸಿವೆ ಹೆಚ್ಚಿ ಊಟವೂ ಹೆಚ್ಚಿತು! ಕೊನೆಗೆ ಕಿವಿಯ ವೈದ್ಯರೊಬ್ಬರ ಮಾತಿನಂತೆ ರೊಟ್ಟಿ, ಸಕ್ಕರೆ, ಬಿಯರ್, ಆಲೂಗೆಡ್ಡೆಗಳನ್ನು ಬಿಟ್ಟು, ಸುಮಾರು ವರ್ಷದೊಳಗೆ 46 ಪೌಂಡು ಇಳಿದರು. ಇನ್ನೂ ಹಿಂದೆ ಹೋದರೆ ನಮ್ಮ ಚರಕಸಂಹಿತೆ ಅತಿಸ್ಥೂಲರಿಗೆ ಜವೆ, ಹಾರಕ, ಹೆಸರು, ಹುರುಳಿಗಳನ್ನೂ ವ್ಯಾಯಾಮವನ್ನೂ ವಿಧಿಸುತ್ತದೆ. ಹುರುಳಿ ನಮ್ಮ ಬೆದ್ದಲಿನ ಬೆಳೆಯೇ ಎಂಬುದನ್ನು ಓದುಗರು ಗಮನಿಸಬೇಕು.

ಇಲ್ಲಿ ಒಂದು ಭ್ರಮೆಯನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು, ಮೈ ತಾನಾಗಿ ಕರಗುತ್ತದೆಂದು ನಮ್ಮಲ್ಲಿ ಅನೇಕರ ನಂಬಿಕೆ. ಮಂಡ್ಯದವರಿಗೆ ರಾಗಿಯ ಮೇಲೆ ಅಭಿಮಾನವಿದ್ದರೆ ತಪ್ಪಿಲ್ಲ. ಭಾರತದ ಮತ್ತು ಆಫ್ರಿಕದ ರಾಗಿಯನ್ನು ಸಂಕರಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ಕೆಲಸಮಾಡಿದ್ದು ಇಲ್ಲಿಯ ವಿ.ಸಿ. ಫಾರಂನಲ್ಲಿಯೇ. ರಾಗಿಯಲ್ಲಿ ನಾರೂ ಸುಣ್ಣಾಂಶವೂ ಹೆಚ್ಚು. ಆದರೂ 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಪಿಷ್ಟವೇ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 78. ಭಾರತೀಯರ ಆಹಾರದ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಪಿಷ್ಟ ಸಕ್ಕರೆಗಳಿಂದಲೇ ಬರುತ್ತದೆಂದು 2025ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನ ತೋರಿಸಿತು. ಒಟ್ಟು ಪಿಷ್ಟವನ್ನು ತಗ್ಗಿಸದೆ ಅಕ್ಕಿಯ ಜಾಗದಲ್ಲಿ ಗೋಧಿಯನ್ನೋ ಸಿರಿಧಾನ್ಯವನ್ನೋ ಇಟ್ಟರೆ ಮಧುಮೇಹದ ಭಯ ಕಡಿಮೆಯಾಗದೆಂಬುದೂ ಅದರಲ್ಲಿ ಕಂಡುಬಂತು.

ಹಳೆಯ ಊಟದಲ್ಲಿ ಇಂದಿಗೆ ಒದಗುವುದು ಮುದ್ದೆಗಿಂತ ಹೆಚ್ಚಾಗಿ ಅದರ ಸುತ್ತ ಇದ್ದದ್ದು: ಬಸ್ಸಾರಿಗೆ ಬಸಿದ ಕಾಳು ಸೊಪ್ಪಿನ ಪಲ್ಯ, ಹುರುಳಿಯ ಸಾರು, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ, ಮೀನು. ಪಲ್ಯವನ್ನು ಎರಡರಷ್ಟು ಮಾಡಿ ಮುದ್ದೆಯನ್ನು ಅರ್ಧ ಮಾಡಿದರೆ ಪರದೇಶದ ಪಥ್ಯದ ಪುಸ್ತಕ ಬೇಕಾಗದು. ಕಾಫಿಯ ಸಕ್ಕರೆ ಮೊದಲು ಹೋಗಲಿ; ಮದ್ದೂರಿನಲ್ಲಿ ರೈಲು ನಿಂತಾಗಲೆಲ್ಲ ವಡೆ ತಿನ್ನುವ ವ್ರತವೂ ಸ್ವಲ್ಪ ಸಡಿಲಲಿ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಮಾತ್ರ ವೈದ್ಯರಿಗೆ ಹೇಳದೆ ಅನ್ನ ಇಳಿಸಬಾರದು. ರಕ್ತದ ಸಕ್ಕರೆ ಹಠಾತ್ತಾಗಿ ಕುಸಿದೀತು. ನಡಿಗೆಯ ವಿಷಯದಲ್ಲಿ ಬ್ಯಾಂಟಿಂಗರ ಹುಟ್ಟಿನ ಕಥೆ ನೆನಪಿರಲಿ. ವಾರಕ್ಕೆ 150 ನಿಮಿಷದ ಹದವಾದ ನಡಿಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಆಗಲಿಲ್ಲ. ಓಡಬೇಕಾದ್ದಿಲ್ಲ, ಮಾತಾಡಿಕೊಂಡು ಹೋಗುವಷ್ಟು ಉಸಿರು ಉಳಿದಿದ್ದರೆ ಅದೇ ಹದ.