ಫೈಬರ್ ದೋಣಿಯಲ್ಲಿ ಉಳಿದುಕೊಂಡ ಒಂದು ಸಂದು

ಮರದ ದೋಣಿಯಲ್ಲಿ ಹಲಗೆಗೂ ಹಲಗೆಗೂ ನಡುವೆ ಒಂದೊಂದು ಸಂದು. ಪ್ರತಿ ಸಂದಿಗೂ ಹತ್ತಿಯನ್ನೋ ನಾರನ್ನೋ ತುರುಕಿ, ಮೇಲೆ ರಾಳವನ್ನೋ ಡಾಂಬರನ್ನೋ ಬಳಿಯಬೇಕು. ಅದು ಒಮ್ಮೆ ಮಾಡಿ ಮುಗಿಯುವ ಕೆಲಸವೂ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಈ ತಾಪತ್ರಯಕ್ಕೆ ಹೊಸ ಉತ್ತರ ಸಿಕ್ಕಿತು. ಗಾಜಿನ ನಾರಿನ ಬಟ್ಟೆಯನ್ನು ಅಚ್ಚಿನಲ್ಲಿ ಹಾಸಿ, ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ, ಗಟ್ಟಿಯಾದ ಮೇಲೆ ಎತ್ತಿದರೆ ಇಡೀ ಒಡಲು ಒಂದೇ ತುಂಡು. ಓಹಾಯೊ ರಾಜ್ಯದ ಟೊಲೆಡೊದಲ್ಲಿ ರೇ ಗ್ರೀನ್ 1942ರಲ್ಲಿ ಇಂಥದ್ದೊಂದು ಪುಟ್ಟ ದೋಣಿ ಮಾಡಿದರು.

ತೆರೆದ ದೋಣಿಗೆ ಇಷ್ಟು ಸಾಕು. ಮೇಲೆ ಡೆಕ್ ಬೇಕೆಂದಾಗ ತೊಡಕು ಶುರು. ಎಲ್ಲ ಕಡೆ ಮುಚ್ಚಿದ ಆಕಾರವನ್ನು ಅಚ್ಚಿನಿಂದ ಎತ್ತುವುದು ಸುಲಭವಲ್ಲ. ಹಾಗಾಗಿ ಒಡಲಿಗೆ ಒಂದು ಅಚ್ಚು, ಡೆಕ್‌ಗೆ ಇನ್ನೊಂದು. ಆಮೇಲೆ ಡಬ್ಬಿಗೆ ಮುಚ್ಚಳ ಇಟ್ಟಂತೆ ಒಂದರ ಮೇಲೊಂದು ಕೂರಿಸುವುದು. ಹತ್ತಾರು ಸಂದು ಹೋಗಿ ಒಂದೇ ಸಂದು ಉಳಿಯಿತು. ಆದರೆ ಅದು ದೋಣಿಯ ಸುತ್ತಲೂ ಓಡುವ ಸಂದು. 28 ಅಡಿಯ ದೋಣಿಗೆ ಎರಡು ಬದಿ ಸೇರಿದರೆ 56 ಅಡಿಗೂ ಹೆಚ್ಚು.

28 ಅಡಿಯ ಲೆಕ್ಕ ಸುಮ್ಮನೆ ಹೇಳಿದ್ದಲ್ಲ. 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಪಿಯರ್ಸನ್ ಮನೆತನದ ಇಬ್ಬರು ದಾಯಾದಿಗಳು ‘ಟ್ರೈಟನ್’ ಎಂಬ ಹಾಯಿದೋಣಿ ಇಟ್ಟರು. ವಿನ್ಯಾಸ ಕಾರ್ಲ್ ಆಲ್ಬರ್ಗ್ ಅವರದು, ಉದ್ದ 28 ಅಡಿಯ ಆಸುಪಾಸು. ಮುಂದೆ ಅಂಥವು 700ಕ್ಕೂ ಹೆಚ್ಚು ತಯಾರಾದವು. ಫೈಬರ್ ದೋಣಿ ಕಾರ್ಖಾನೆಯ ಸರಕಾಯಿತು.

ಬೇಡಿಕೆ ಏರಿದಂತೆ ಆ ಸಂದನ್ನು ಮುಚ್ಚುವ ಬಗೆಗಳೂ ಹಲವಾದವು. ಕೆಲವರು ಒಳಗಿನಿಂದ ಗಾಜಿನ ಬಟ್ಟೆ ಹಚ್ಚಿದರು. ಕೆಲವರು ಬೋಲ್ಟ್ ಹಾಕಿದರು. ಬೇಗ ಮುಗಿಯುವ ದಾರಿ ಮಾತ್ರ ಬೇರೆ: ಪುಟ್ಟಿ ಮೆತ್ತಿ, ಸ್ಕ್ರೂ ತಿರುಗಿಸಿ, ಅಂಚಿನ ಮೇಲೊಂದು ಪಟ್ಟಿ ಹೊಡೆದು ಬಿಡುವುದು.

ಸಮುದ್ರ ದೋಣಿಯನ್ನು ಹಿಂಡುತ್ತದೆ, ತಿರುಚುತ್ತದೆ. ಡೆಕ್ ಒಂದು ಕಡೆ ಎಳೆದರೆ ಒಡಲು ಇನ್ನೊಂದು ಕಡೆ. ಗಟ್ಟಿಯಾದ ಪುಟ್ಟಿ ಬಿರಿಯುತ್ತದೆ. ಗಾಜಿನ ನಾರಿನಲ್ಲಿ ಸ್ಕ್ರೂ ಕೊರೆದ ಮರೆ ಸವೆದು ತೂತು ದೊಡ್ಡದಾಗುತ್ತದೆ. ಒಳಗೆ ಇಳಿದ ನೀರು ಸೋರಿದಲ್ಲೇ ತೊಟ್ಟಿಕ್ಕುವುದಿಲ್ಲ, ಅಂಚಿನುದ್ದಕ್ಕೂ ಹರಿದು ಎಲ್ಲೋ ಕಾಣಿಸಿಕೊಳ್ಳುತ್ತದೆ. ಡೆಕ್ಕಿನ ಎರಡು ಪದರಗಳ ನಡುವೆ ಬಾಲ್ಸಾ ಮರ ಇದ್ದರೆ ಅದು ಯಾರಿಗೂ ಗೊತ್ತಾಗದೆ ಕೊಳೆಯುತ್ತದೆ.

ಬಿರಿಯದ ಅಂಟು ಬಂದದ್ದು ದೋಣಿಯವರಿಂದಲ್ಲ. 1920ರ ದಶಕದಲ್ಲಿ ಜೋಸೆಫ್ ಪ್ಯಾಟ್ರಿಕ್ ಎಂಬ ಅಮೆರಿಕದ ರಸಾಯನತಜ್ಞ, ಚಳಿಯಲ್ಲಿ ಕಾರಿನ ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ ಹುಡುಕುತ್ತಿದ್ದರು. ಸಿಕ್ಕಿದ್ದು ಗಬ್ಬುನಾತದ ರಬ್ಬರಿನಂಥ ಮುದ್ದೆ, ಪಾಲಿಸಲ್ಫೈಡ್. ಪೆಟ್ರೋಲಿಗೂ ಜಗ್ಗದ್ದರಿಂದ ಯುದ್ಧಕಾಲದಲ್ಲಿ ವಿಮಾನದ ಇಂಧನ ಟ್ಯಾಂಕುಗಳ ಸಂದಿಗೆ ಅದು ಬಳಕೆಯಾಯಿತು. ಆಮೇಲೆ ದೋಣಿಗೂ ಬಂತು. ನಂತರ ಬಂದ ಪಾಲಿಯುರೆಥೇನ್ ಇನ್ನೂ ಬಲವಾಗಿ ಹಿಡಿಯುತ್ತದೆ, ಎಷ್ಟೆಂದರೆ ಆಮೇಲೆ ಬಿಡಿಸುವುದೇ ಕಷ್ಟ.

ಇಷ್ಟರಿಂದ ಕಲಿತದ್ದು ಒಂದೇ: ಹಿಡಿಯುವ ಕೆಲಸ ಬೇರೆ, ನೀರು ತಡೆಯುವ ಕೆಲಸ ಬೇರೆ. ಹಿಡಿಯಲು ಆರಪಾರ ಹೋಗುವ ಬೋಲ್ಟ್, ಕೆಳಗೆ ಅಗಲವಾದ ವಾಷರ್, ನಟ್ಟು. ತಡೆಯಲು ನಡುವೆ ಮೆತ್ತಗಿನ ಪದರ. ಆರಂಭದಲ್ಲೇ ಬೋಲ್ಟನ್ನು ವಿಪರೀತ ಬಿಗಿದರೆ ಆ ಪದರವೆಲ್ಲ ಹೊರಗೆ ಹಿಂಡಿಹೋಗುತ್ತದೆ.

ಈ ಎರಡು ಕೆಲಸದ ಲೆಕ್ಕ ನಮ್ಮ ಪಡುವಣ ಕರಾವಳಿಗೆ ಹೊಸದಲ್ಲ. ಇಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹುರಿ ಹಿಡಿಯುತ್ತದೆ. ಹೊಲಿಗೆಯಡಿ ಒತ್ತಿದ ನಾರು, ಮೇಲೆ ಬಳಿದ ರಾಳ ನೀರು ತಡೆಯುತ್ತವೆ. ಬಂಡೆಗೆ ತಾಗಿದರೆ ಮೊಳೆ ಹೊಡೆದ ಹಡಗು ಒಡೆಯುತ್ತದೆ, ಹೊಲಿದದ್ದು ತಾಳಿಕೊಳ್ಳುತ್ತದೆ ಎಂದು 14ನೇ ಶತಮಾನದಲ್ಲೇ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಅದೇ ಬಗೆಯಲ್ಲಿ ಹೊಲಿದ ‘ಕೌಂಡಿನ್ಯ’ ಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು.

ಇಂದು ಮೀನುಗಾರಿಕೆ ಬಂದರುಗಳಲ್ಲಿ ಫೈಬರ್ ದೋಣಿಗಳು ಸಾಲುಗಟ್ಟಿ ನಿಂತಿವೆ. ಡೆಕ್ ಇರುವ ದೋಣಿಯನ್ನು ಕೊಳ್ಳುವವರು ಇಂಜಿನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ. ಅಂಚಿನ ಪಟ್ಟಿಯ ಕೆಳಗೆ ಇರುವುದು ಬೋಲ್ಟೋ ಸ್ಕ್ರೂವೋ ಎಂದೂ ಕೇಳಬೇಕು. ಗಾಳಿಮಳೆಯಲ್ಲಿ ದಡ ಸೇರುವವರ ಜೀವ ಆ ಪಟ್ಟಿಯ ಕೆಳಗಿನ ಕೆಲಸವನ್ನೂ ನಂಬಿದೆ.