ಹಾಜರಿ ಪುಸ್ತಕದ ಹೊರಗಿನವರು
(ನಮ್ಮ ದೇಶದಲ್ಲಿ ಸ್ವಂತ ಆರೋಗ್ಯ ವಿಮೆ ಬೆಳೆದು ಬಂದ ಬಗೆ)

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರ ಮೊದಲ ತಲೆಮಾರಿಗೆ ಕಾಯಿಲೆ ಬಿದ್ದಾಗ ಇದ್ದ ದಾರಿಗಳು ಮೂರೇ. ಮುನಿಸಿಪಾಲಿಟಿಯ ಆಸ್ಪತ್ರೆಯಲ್ಲಿ ಸಾಲು ನಿಲ್ಲುವುದು, ಧಣಿಗಳಲ್ಲಿ ಮುಂಗಡ ಕೇಳುವುದು, ಎರಡೂ ಆಗದಿದ್ದರೆ ಊರಿನ ದಾರಿ ಹಿಡಿಯುವುದು. ಜಾತಿ ಸಂಘಗಳ ಕ್ಷೇಮನಿಧಿಯೂ ಕೋಣೆಯ ಜೊತೆಗಾರರು ಕೂಡಿಸಿಕೊಡುತ್ತಿದ್ದ ಚಿಲ್ಲರೆ ಹಣವೂ ಎಷ್ಟೋ ಜೀವಗಳನ್ನು ಉಳಿಸಿವೆ. ಆದರೆ ಅದು ನೆರವೇ ಹೊರತು ಹಕ್ಕಲ್ಲ. ‘ನಾನು ಕಂತು ಕಟ್ಟಿದ್ದೇನೆ, ನನ್ನ ಆಸ್ಪತ್ರೆಯ ವೆಚ್ಚವನ್ನು ನೀವು ಕೊಡಬೇಕು’ ಎಂದು ಸಾಮಾನ್ಯನೊಬ್ಬ ಎದೆಯೆತ್ತಿ ಹೇಳುವ ಕಾಲ ಬರಲು ಸ್ವಾತಂತ್ರ್ಯಾನಂತರ ಸುಮಾರು ನಾಲ್ಕು ದಶಕಗಳೇ ಬೇಕಾದವು.

ಈ ಕಥೆಯನ್ನು ಈಗ ಹೇಳಲು ಕಾರಣವಿದೆ. ನಮ್ಮ ಸದಸ್ಯರಲ್ಲಿ ಅನೇಕರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಅವರ ಮಕ್ಕಳಲ್ಲಿ ಕೆಲವರು ನೌಕರಿ ಬಿಟ್ಟು ಸ್ವಂತ ಉದ್ಯೋಗಕ್ಕೆ ಇಳಿದಿದ್ದಾರೆ. ಇಬ್ಬರ ಪ್ರಶ್ನೆಯೂ ಒಂದೇ: ಕಂಪನಿಯ ರಕ್ಷಣೆ ತಪ್ಪಿದ ಮರುದಿನ ನಮಗೆ ಯಾರು ಗತಿ?

ಹಾಜರಿ ಪುಸ್ತಕದ ಒಳಗಿನವರು

ನಮ್ಮ ದೇಶದಲ್ಲಿ ಆರೋಗ್ಯ ವಿಮೆ ಹುಟ್ಟಿದ್ದೇ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ. 1943ರಲ್ಲಿ ಅಂದಿನ ಸರ್ಕಾರವು ಕೈಗಾರಿಕಾ ಕಾರ್ಮಿಕರಿಗಾಗಿ ಆರೋಗ್ಯ ವಿಮೆಯ ಯೋಜನೆಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರಿಗೆ ಒಪ್ಪಿಸಿತು. ಮರುವರ್ಷ ಅವರು ವರದಿ ಕೊಟ್ಟರು. ಅದರ ಆಧಾರದ ಮೇಲೆ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಅಂದರೆ ನಾವೆಲ್ಲ ‘ಇ.ಎಸ್.ಐ.’ ಎಂದು ಕರೆಯುವ ಯೋಜನೆ, ರೂಪುಗೊಂಡಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪಂಡಿತ ನೆಹರೂ ಅದನ್ನು ಉದ್ಘಾಟಿಸಿದರು.

ಅದೇ ಕಾಲದಲ್ಲಿ ಸರ್ ಜೋಸೆಫ್ ಭೋರ್ ಅವರ ಸಮಿತಿಯೂ ಕೆಲಸ ಮಾಡುತ್ತಿತ್ತು. ಹಣ ಕೊಡಲಾರನೆಂಬ ಒಂದೇ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬುದು 1946ರ ಅದರ ವರದಿಯ ಮೂಲತತ್ತ್ವ. ತತ್ತ್ವವನ್ನು ಎಲ್ಲರೂ ಮೆಚ್ಚಿದರು. ಆದರೆ ಬೊಕ್ಕಸದಿಂದ ಅದಕ್ಕೆ ತಕ್ಕ ಹಣ ಬರಲಿಲ್ಲ.

ಹೀಗಾಗಿ ಉಳಿದದ್ದು ನೌಕರಿಯ ಆಸರೆಯೇ. 1948ರ ಕಾಯಿದೆ ಮೊದಲಿಗೆ ಅನ್ವಯಿಸಿದ್ದು ವಿದ್ಯುತ್ ಮುಂತಾದ ಯಂತ್ರಶಕ್ತಿ ಬಳಸುವ, 20 ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳಿಗೆ. ಅದೂ ತಿಂಗಳಿಗೆ 400 ರೂಪಾಯಿ ಮೀರದ ಸಂಬಳದವರಿಗೆ. ಕೇಂದ್ರ ಸರ್ಕಾರದ ನೌಕರರಿಗೆ 1954ರಲ್ಲಿ ದಿಲ್ಲಿಯಲ್ಲಿ ಪ್ರತ್ಯೇಕ ಆರೋಗ್ಯ ಯೋಜನೆ ಬಂತು. ರೈಲ್ವೆಗೆ ತನ್ನದೇ ಆಸ್ಪತ್ರೆಗಳಿದ್ದವು.

ಆದರೆ ಹೋಟೆಲಿನ ಮಾಣಿಗೆ? ಅಡಿಗೆಭಟ್ಟರಿಗೆ? ಫೋರ್ಟಿನ ವಕೀಲರ ಕಚೇರಿಯಲ್ಲಿ ಟೈಪು ಮಾಡುತ್ತಿದ್ದ ಗುಮಾಸ್ತನಿಗೆ? ಮನೆಪಾಠ ಹೇಳುತ್ತಿದ್ದ ಮೇಷ್ಟರಿಗೆ? ಇವರಾರೂ ಆ ಪುಸ್ತಕದೊಳಗೆ ಇರಲಿಲ್ಲ. ಪುಸ್ತಕದೊಳಗಿದ್ದವರ ಸ್ಥಿತಿಯೂ ನೌಕರಿ ಇರುವ ತನಕ ಮಾತ್ರ. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಮುಗಿಯುವ ವೇಳೆಗೆ ಎಷ್ಟೋ ಮಂದಿಯ ಕೆಲಸವೇ ಹೋಗಿತ್ತು. ಸಂಬಳ ನಿಂತರೆ ವಂತಿಗೆ ನಿಲ್ಲುತ್ತದೆ, ವಂತಿಗೆ ನಿಂತರೆ ಔಷಧಿಯ ಚೀಟಿಯೂ ನಿಲ್ಲುತ್ತದೆ. ನೌಕರಿಗೆ ಕಟ್ಟಿದ ರಕ್ಷಣೆಯ ದೌರ್ಬಲ್ಯ ಇದೇ.

ಮೆಡಿಕ್ಲೇಮ್ ಬಂತು

1956ರಲ್ಲಿ ಜೀವ ವಿಮೆ ರಾಷ್ಟ್ರೀಕರಣವಾಗಿ ಎಲ್.ಐ.ಸಿ. ಏಜೆಂಟರು ಮನೆಮನೆಗೂ ಬಂದರು. ಆದರೆ ಅವರ ಪಾಲಿಸಿ ಮುಖ್ಯವಾಗಿ ಸತ್ತವನ ಸಂಸಾರಕ್ಕೆ ಆಧಾರ, ರೋಗಿಯ ಚಿಕಿತ್ಸೆಗಲ್ಲ. ಬೆಂಕಿ, ಕಳವು, ಹಡಗು, ಮೋಟಾರುಗಳ ವಿಮೆ ಮಾಡುತ್ತಿದ್ದ 107 ಸಂಸ್ಥೆಗಳನ್ನು 1973ರ ಜನವರಿ 1ರಿಂದ ರಾಷ್ಟ್ರೀಕರಿಸಿ ನಾಲ್ಕು ಕಂಪನಿಗಳಾಗಿ ಮಾಡಲಾಯಿತು: ಕಲಕತ್ತೆಯ ನ್ಯಾಷನಲ್, ಮುಂಬಯಿಯ ನ್ಯೂ ಇಂಡಿಯಾ, ದಿಲ್ಲಿಯ ಓರಿಯೆಂಟಲ್, ಮದರಾಸಿನ ಯುನೈಟೆಡ್ ಇಂಡಿಯಾ. ಈ ನಾಲ್ಕೂ ಸೇರಿ 1986ರಲ್ಲಿ ‘ಮೆಡಿಕ್ಲೇಮ್’ ಎಂಬ ಪಾಲಿಸಿಯನ್ನು ಹೊರತಂದವು. ಯಾವ ಧಣಿಯ ಸಹಿಯೂ ಇಲ್ಲದೆ, ಯಾವ ಕಾರ್ಖಾನೆಯ ಬಿಲ್ಲೆಯೂ ಇಲ್ಲದೆ, ವ್ಯಕ್ತಿಯೊಬ್ಬ ತನ್ನ ಹೆಸರಿನಲ್ಲೇ ಕೊಳ್ಳಬಹುದಾದ ಆರೋಗ್ಯ ವಿಮೆ ದೇಶದಾದ್ಯಂತ ದೊರೆತದ್ದು ಆಗ. ಅದೇ ವರ್ಷದ ಹಣಕಾಸು ಕಾಯಿದೆ 80ಡಿ ಎಂಬ ಕಲಮನ್ನು ಸೇರಿಸಿ, ಚೆಕ್ಕಿನಿಂದ ಕಟ್ಟಿದ ಕಂತಿಗೆ ವರಮಾನ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ನಮ್ಮಲ್ಲಿ ಬಹಳ ಮಂದಿ ಪಾಲಿಸಿ ಮಾಡಿಸಿದ್ದು ರೋಗದ ಭಯಕ್ಕಿಂತ ಮಾರ್ಚ್ ತಿಂಗಳ ತೆರಿಗೆಯ ಭಯಕ್ಕೆ ಎಂದರೆ ತಪ್ಪಾಗಲಾರದು!

ಆ ಪಾಲಿಸಿಯ ಷರತ್ತುಗಳು ಬಿಗಿಯಾಗಿದ್ದವು. ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಇರಲೇಬೇಕು. ಪಾಲಿಸಿಗೆ ಮೊದಲೇ ಇದ್ದ ರೋಗಕ್ಕೆ ಹಣವಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿಯಂಥವಕ್ಕೆ ಮೊದಲ ವರ್ಷ ಹಣವಿಲ್ಲ. ಬಿಲ್ಲನ್ನು ಮೊದಲು ತಾನೇ ಕಟ್ಟಿ, ಅಸಲು ರಸೀದಿ, ಡಾಕ್ಟರ ಚೀಟಿ, ಡಿಸ್ಚಾರ್ಜ್ ಕಾರ್ಡುಗಳನ್ನೆಲ್ಲ ಕೂಡಿಸಿ ವಿಮಾ ಕಚೇರಿಗೆ ಅಲೆಯಬೇಕು. ವಿಮೆ ಇದ್ದರೂ ಕೈಸಾಲ ತಪ್ಪುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಕಷ್ಟ ನವೀಕರಣದ್ದು. ಪಾಲಿಸಿ ಒಂದು ವರ್ಷದ್ದು. ಒಮ್ಮೆ ದೊಡ್ಡ ಮೊತ್ತ ಪಡೆದವನನ್ನೋ, ಕಂಪನಿಯ ಮೇಲೆ ದಾವೆ ಹೂಡಿದವನನ್ನೋ ಮುಂದಿನ ವರ್ಷ ‘ಬೇಡ’ ಎಂದರೆ ಗತಿಯೇನು? ಇಂಥದೇ ಒಂದು ಮೊಕದ್ದಮೆಯಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ವಿಮಾ ಕಂಪನಿಯು ಮನಬಂದಂತೆ ನವೀಕರಣ ನಿರಾಕರಿಸುವಂತಿಲ್ಲ, ಅದು ನ್ಯಾಯಯುತವಾಗಿ ನಡೆದುಕೊಳ್ಳಬೇಕು ಎಂದು ತೀರ್ಪಿತ್ತಿತು. ಹೆಚ್ಚು ಪ್ರಚಾರ ಪಡೆಯದ ಈ ತೀರ್ಪು ಸಾಮಾನ್ಯ ಪಾಲಿಸಿದಾರನಿಗೆ ಬಹಳ ದೊಡ್ಡ ಬಲವಾಯಿತು.

ಐದು ರೂಪಾಯಿಯ ಯಶಸ್ವಿನಿ

ಇತ್ತ ತಾಯ್ನಾಡಿನಲ್ಲಿ ಬೇರೆಯೇ ಪ್ರಯೋಗ ನಡೆಯಿತು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಸಲಹೆಯಿಂದ ಕರ್ನಾಟಕದ ಸಹಕಾರ ಇಲಾಖೆ ‘ಯಶಸ್ವಿನಿ’ಯನ್ನು ರೂಪಿಸಿ 2003ರ ಜೂನ್ 1ರಿಂದ ಜಾರಿಗೆ ತಂದಿತು. ಸಹಕಾರ ಸಂಘದ ಸದಸ್ಯನಾದ ರೈತ ಕಟ್ಟಬೇಕಾಗಿದ್ದುದು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಇಲ್ಲಿ ಧಣಿ ಇಲ್ಲ, ಹಾಜರಿ ಪುಸ್ತಕವಿಲ್ಲ. ಹಾಲಿನ ಡೇರಿಯ, ಪತ್ತಿನ ಸಂಘದ ಸದಸ್ಯತ್ವವೇ ಸಾಕು. ದಕ್ಷಿಣ ಕನ್ನಡದ ಬ್ಯಾಂಕೊಂದು 1928ರಲ್ಲಿ ದಿನಕ್ಕೆರಡಾಣೆಯ ಪಿಗ್ಮಿ ಠೇವಣಿ ಆರಂಭಿಸಿದ್ದನ್ನು ಬಲ್ಲ ನಮಗೆ ಈ ಲೆಕ್ಕ ಹೊಸದಲ್ಲ. ಹನಿ ಹನಿ ಕೂಡಿದರೆ ಹಳ್ಳ.

ಯಶಸ್ವಿನಿ 2018ರಲ್ಲಿ ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನವಾಗಿ, ಮತ್ತೆ 2022ರ ಕೊನೆಯಲ್ಲಿ ನೋಂದಣಿ ಆರಂಭಿಸಿತು. ಆದರೆ ಊರಿನ ಸಂಘದ ಸದಸ್ಯತ್ವ ಬಿಟ್ಟು ಬಂದ ನಾವು ಅದರ ಹೊರಗೇ ಉಳಿದೆವು. ಇಲ್ಲಿಯ ಕಾರ್ಖಾನೆಗೂ ಸೇರದವರು, ಅಲ್ಲಿಯ ಸಹಕಾರಕ್ಕೂ ಸೇರದವರು ನಾವು.

ಬಾಗಿಲುಗಳು ತೆರೆದ ಬಗೆ

ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ಆರ್. ಎನ್. ಮಲ್ಹೋತ್ರಾ ಸಮಿತಿಯ 1994ರ ವರದಿಯ ಫಲವಾಗಿ 1999ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಕಾಯಿದೆ ಬಂತು. ಖಾಸಗಿ ಕಂಪನಿಗಳು ಬಂದವು. ಆಸ್ಪತ್ರೆಗೂ ಕಂಪನಿಗೂ ನಡುವೆ ನಿಲ್ಲುವ ‘ಟಿ.ಪಿ.ಎ.’ಗಳಿಗೆ 2001ರಲ್ಲಿ ನಿಯಮಗಳಾದವು; ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಪಡೆಯುವ ‘ಕ್ಯಾಶ್‌ಲೆಸ್’ ಪದ್ಧತಿ ಬೇರೂರಿತು. 2010ರ ಜುಲೈಯಲ್ಲಿ ಮುಂಬಯಿ, ದಿಲ್ಲಿ, ಚೆನ್ನೈ, ಬೆಂಗಳೂರುಗಳಲ್ಲಿ ಸರ್ಕಾರಿ ಕಂಪನಿಗಳು ದರದ ಜಗಳದಿಂದ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ನಿಲ್ಲಿಸಿದಾಗ ರೋಗಿಗಳು ಪಟ್ಟ ಪಾಡನ್ನು ಆ ನಗರಗಳಲ್ಲಿದ್ದವರು ಮರೆತಿರಲಾರರು.

2011ರ ಅಕ್ಟೋಬರ್ 1ರಿಂದ ಒಂದು ಕಂಪನಿಯಿಂದ ಇನ್ನೊಂದಕ್ಕೆ, ಕಾಯುವ ಅವಧಿಯಲ್ಲಿ ಕಳೆದ ವರ್ಷಗಳ ಲೆಕ್ಕ ಕಳೆದುಕೊಳ್ಳದೆ, ಪಾಲಿಸಿ ವರ್ಗಾಯಿಸುವ ಹಕ್ಕು ಬಂತು. ನೌಕರಿ ಬಿಡುವವರಿಗೆ ಮುಖ್ಯವಾದುದು ಅದರ ಜೊತೆಗೇ ಬಂದ ಇನ್ನೊಂದು ಅವಕಾಶ: ಕಂಪನಿಯ ಗುಂಪು ಪಾಲಿಸಿಯಲ್ಲಿದ್ದವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ದಾಟಿಕೊಳ್ಳಬಹುದು. 2013ರ ನಿಯಮಗಳು ಜೀವನಪರ್ಯಂತ ನವೀಕರಣವನ್ನು ಕಡ್ಡಾಯ ಮಾಡಿದವು. 2024ರಲ್ಲಿ ಹೊಸದಾಗಿ ಸೇರುವವರ ವಯಸ್ಸಿಗಿದ್ದ 65ರ ಗೆರೆ ಹೋಯಿತು. ಮೊದಲೇ ಇದ್ದ ರೋಗಗಳಿಗೆ ಕಾಯಿಸುವ ಗರಿಷ್ಠ ಅವಧಿ 4ರಿಂದ 3 ವರ್ಷಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಕಂತಿನ ಮೇಲಿದ್ದ ಶೇಕಡ 18ರ ಜಿ.ಎಸ್.ಟಿ.ಯೂ ಹೋಯಿತು.

ಸರ್ಕಾರದ ‘ಆಯುಷ್ಮಾನ್ ಭಾರತ’ 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಆರಂಭವಾಯಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಆ ಯೋಜನೆ 2024ರ ಅಕ್ಟೋಬರ್ 29ರಿಂದ ವರಮಾನ ನೋಡದೆ 70 ದಾಟಿದ ಹಿರಿಯರಿಗೂ ವಿಸ್ತರಿಸಿತು.

ಇತಿಹಾಸ ಕಲಿಸಿದ್ದು

ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಕರೆಯುತ್ತಾರೆಂದಲ್ಲ. ವಯಸ್ಸಿನ ಮಿತಿ ಹೋದರೂ, ಅರ್ಜಿಯನ್ನು ಪರೀಕ್ಷಿಸಿ ಹೆಚ್ಚು ಕಂತು ಕೇಳುವ ಅಥವಾ ನಿರಾಕರಿಸುವ ಅಧಿಕಾರ ಕಂಪನಿಗಳಿಗೆ ಇದ್ದೇ ಇದೆ. ನನ್ನ ಹಿರಿಯ ಮಿತ್ರರೊಬ್ಬರು ಮೂವತ್ತು ವರ್ಷ ದೊಡ್ಡ ಕಂಪನಿಯಲ್ಲಿ ದುಡಿದರು. ‘ಆಫೀಸಿನದು ಇದೆಯಲ್ಲ’ ಎಂದು ಸ್ವಂತ ಪಾಲಿಸಿ ಮಾಡಿಸಲಿಲ್ಲ. ನೌಕರಿಯಲ್ಲಿದ್ದಾಗಲೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರು. ನಿವೃತ್ತಿಯ ದಿನ ಹಾರ, ಶಾಲು, ಗಡಿಯಾರ ಎಲ್ಲ ಸಿಕ್ಕಿತು. ವಿಮೆ ಮಾತ್ರ ಆ ಸಂಜೆಗೇ ಮುಗಿಯಿತು. ಗುಂಪಿನಿಂದ ದಾಟಿಕೊಳ್ಳಬಹುದೆಂದು ಹೇಳಿದವರಿಲ್ಲ, ಇವರೂ ಕೇಳಲಿಲ್ಲ. ಆಮೇಲೆ ಹೋದಲ್ಲೆಲ್ಲ ಹಳೆಯ ಫೈಲು ನೋಡಿ ಕೈಮುಗಿದರು. ‘ಊರಿನ ಗದ್ದೆ ಮಾರದೆ ಇದ್ದರೆ ಸಾಕು’ ಎಂದು ಅವರು ಮೊನ್ನೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ.

ಆದ್ದರಿಂದ ನಾಲ್ಕು ಮಾತು. ನೌಕರಿಯಲ್ಲಿರುವಾಗಲೇ, ಮೈ ಗಟ್ಟಿಯಿರುವಾಗಲೇ, ಚಿಕ್ಕದಾದರೂ ಸರಿ, ಸ್ವಂತ ಹೆಸರಿನಲ್ಲಿ ಒಂದು ಪಾಲಿಸಿ ಇರಲಿ. ಕಾಯುವ ಅವಧಿ ಸಂಬಳದ ದಿನಗಳಲ್ಲೇ ಕಳೆಯಲಿ. ನೌಕರಿ ಬಿಡುವ ಮೊದಲೇ ಗುಂಪಿನಿಂದ ದಾಟುವ ವಿಚಾರವನ್ನು ಲಿಖಿತವಾಗಿ ಕೇಳಿ. ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಮುಚ್ಚಿಡಬೇಡಿ. ಏಜೆಂಟ್ ತುಂಬಿದ ಫಾರ್ಮನ್ನು ನೀವೇ ಓದಿ ಸಹಿ ಮಾಡಿ. ಮುಪ್ಪಿನಲ್ಲಿ ಊರಿಗೆ ಮರಳುವ ಯೋಚನೆಯಿದ್ದರೆ ಊರಿನ ಹತ್ತಿರದ ಆಸ್ಪತ್ರೆಯೂ ಪಟ್ಟಿಯಲ್ಲಿದೆಯೇ ನೋಡಿ. ಕೆಲವು ಕಂಪನಿಗಳ ಕಂತು ನಗರದ ಮೇಲೆ ನಿಂತಿದೆ. ಸಣ್ಣ ಊರಿನ ವಿಳಾಸಕ್ಕೆ ಕಡಿಮೆ ಕಂತು ಕಟ್ಟಿ ಮುಂಬಯಿಯಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ನೀವೇ ಹೊರಬೇಕಾದೀತು.

ನಮ್ಮ ಹಿರಿಯರು ಕ್ಷೇಮನಿಧಿ ಕಟ್ಟಿದ್ದು ಒಬ್ಬನ ಕಷ್ಟವನ್ನು ಹತ್ತು ಮಂದಿ ಹಂಚಿಕೊಳ್ಳಲಿ ಎಂದು. ವಿಮೆಯ ಮೂಲವೂ ಅದೇ. ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಒಂದು ದಿನ ಹೊಡೆದುಹೋಗುವುದು ಖಂಡಿತ. ಅದಕ್ಕೆ ಮುಂಚೆ ಇನ್ನೊಂದು ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳುವುದು ಜಾಣತನ.