ಜಾರಿಯಾಗದ ತೀರ್ಪು: ಚೆರೋಕಿಗಳನ್ನು ಒಕ್ಕಲೆಬ್ಬಿಸಿದ ಇತಿಹಾಸ

1830ರ ಡಿಸೆಂಬರ್ 24ರಂದು ಅಮೆರಿಕದ ಜಾರ್ಜಿಯಾ ರಾಜ್ಯವು ಕಾರ್ನ್ ಟಾಸೆಲ್ ಎಂಬ ಚೆರೋಕಿ ಮೂಲನಿವಾಸಿಯನ್ನು ಗಲ್ಲಿಗೇರಿಸಿತು. ಚೆರೋಕಿ ನೆಲದಲ್ಲಿ ಇನ್ನೊಬ್ಬ ಚೆರೋಕಿಯನ್ನು ಕೊಂದನೆಂಬುದು ಅವನ ಮೇಲಿದ್ದ ಆರೋಪ. ಅವನನ್ನು ವಿಚಾರಿಸುವ ಅಧಿಕಾರ ಜಾರ್ಜಿಯಾಕ್ಕೆ ಇತ್ತೇ? ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ರಾಜ್ಯಕ್ಕೆ ಆದೇಶ ಕಳುಹಿಸಿದ್ದರು. ಗವರ್ನರು ಅದನ್ನು ಶಾಸನಸಭೆಯ ಮುಂದಿಟ್ಟರು. ಅದಕ್ಕೆ ಕಿವಿಗೊಡಬಾರದೆಂದು ಸಭೆ ನಿರ್ಣಯಿಸಿತು. ಮನುಷ್ಯನೇ ಇಲ್ಲವಾದ ಮೇಲೆ ಮೊಕದ್ದಮೆಯೂ ಉಳಿಯಲಿಲ್ಲ. ಚೆರೋಕಿಗಳ ಕಥೆಯನ್ನು ಬಹಳ ಜನ 1832ರ ಪ್ರಸಿದ್ಧ ತೀರ್ಪಿನಿಂದ ಶುರುಮಾಡುತ್ತಾರೆ. ಈ ನೇಣಿನಿಂದ ಶುರುಮಾಡಿದರೆ ಆ ತೀರ್ಪಿಗೆ ಮುಂದೇನಾಯಿತು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

ಒಕ್ಕಲೆಬ್ಬಿಸಲಾದ ಈ ಜನ ಅಲೆಮಾರಿಗಳಾಗಿರಲಿಲ್ಲ. 1785ರ ಹೋಪ್‌ವೆಲ್ ಮತ್ತು 1791ರ ಹೋಲ್‌ಸ್ಟನ್ ಒಪ್ಪಂದಗಳಲ್ಲಿ ಅಮೆರಿಕ ಸರ್ಕಾರವೇ ಅವರ ಗಡಿಯನ್ನು ಗುರುತಿಸಿತ್ತು. 1821ರ ಹೊತ್ತಿಗೆ ಸೆಕ್ವೋಯಾ ಎಂಬಾತ ಅವರ ಭಾಷೆಗೆ ಲಿಪಿ ಕಟ್ಟಿದ. ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. ಕಾಗುಣಿತ ಬಲ್ಲ ನಮಗೆ ಅದರ ಜಾಣ್ಮೆ ಥಟ್ಟನೆ ಹೊಳೆಯುತ್ತದೆ. 1827ರಲ್ಲಿ ಅವರು ಲಿಖಿತ ಸಂವಿಧಾನ ಮಾಡಿಕೊಂಡರು. ಮರುವರ್ಷ ರಾಜಧಾನಿ ನ್ಯೂ ಎಕೋಟಾದಿಂದ ಎಲಿಯಾಸ್ ಬೂಡಿನಾಟ್ ಸಂಪಾದಕತ್ವದಲ್ಲಿ 'ಚೆರೋಕಿ ಫೀನಿಕ್ಸ್' ಪತ್ರಿಕೆ ಎರಡು ಭಾಷೆಗಳಲ್ಲಿ ಹೊರಟಿತು. ಜಾರ್ಜಿಯಾವನ್ನು ಕೆರಳಿಸಿದ್ದು ಈ ಬೇರೂರುವಿಕೆಯೇ. ರಾಜ್ಯದೊಳಗಿನ ಇಂಡಿಯನ್ನರ, ಅಂದರೆ ಮೂಲನಿವಾಸಿಗಳ, ಭೂಹಕ್ಕುಗಳನ್ನು ಕೊನೆಗಾಣಿಸುವುದಾಗಿ ಕೇಂದ್ರ ಸರ್ಕಾರ 1802ರಲ್ಲಿ ಅದಕ್ಕೆ ಮಾತು ಕೊಟ್ಟಿತ್ತು. ಆ ನೆಲದಲ್ಲಿ ಚಿನ್ನ ಸಿಕ್ಕ ಮೇಲೆ ತಾಳ್ಮೆ ಪೂರ್ತಿ ಕೆಟ್ಟಿತು. ಚೆರೋಕಿ ಕಾನೂನುಗಳೆಲ್ಲ ರದ್ದೆಂದೂ, ಬಿಳಿಯರ ವಿರುದ್ಧ ಇಂಡಿಯನ್ನರ ಸಾಕ್ಷಿ ನಡೆಯದೆಂದೂ ರಾಜ್ಯ ಶಾಸನ ಮಾಡಿತು. 1830ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿನ ಕೆಳಮನೆ ಇಂಡಿಯನ್ನರನ್ನು ಪಶ್ಚಿಮಕ್ಕೆ ಕಳುಹಿಸುವ ಸ್ಥಳಾಂತರ ಮಸೂದೆಯನ್ನು 102ಕ್ಕೆ 97 ಮತಗಳಿಂದ ಒಪ್ಪಿತು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸಹಿ ಹಾಕಿದರು.

ಚೆರೋಕಿಗಳು ಕೋರ್ಟಿನ ಬಾಗಿಲು ತಟ್ಟಿದರು. ಮಾಜಿ ಅಟಾರ್ನಿ ಜನರಲ್ ವಿಲಿಯಂ ವರ್ಟ್ ಅವರ ವಕೀಲರು. ಆದರೆ 1831ರಲ್ಲಿ ಮಾರ್ಷಲ್ ಪೀಠ, ಚೆರೋಕಿಗಳದು ವಿದೇಶಿ ರಾಷ್ಟ್ರವಲ್ಲ, ದೇಶದೊಳಗಿನ ಅವಲಂಬಿತ ರಾಷ್ಟ್ರ, ಆದ್ದರಿಂದ ನೇರವಾಗಿ ಇಲ್ಲಿ ದಾವೆ ಹೂಡುವಂತಿಲ್ಲ ಎಂದಿತು. ಹಕ್ಕಿನ ಮಾತು ಹಾಗೇ ಉಳಿಯಿತು. ಅದನ್ನು ಕೇಳಲು ಇನ್ನೊಬ್ಬರ ಮೊಕದ್ದಮೆ ಬೇಕಾಯಿತು.

ಅದನ್ನು ಒದಗಿಸಿದ್ದು ಜಾರ್ಜಿಯಾವೇ. ಚೆರೋಕಿ ನೆಲದಲ್ಲಿರುವ ಬಿಳಿಯರು ರಾಜ್ಯದ ಪರವಾನಗಿ ಪಡೆದು ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಕಾನೂನನ್ನು ಧಿಕ್ಕರಿಸಿದ ಸ್ಯಾಮ್ಯುಯೆಲ್ ವೂಸ್ಟರ್, ಎಲೈಜರ್ ಬಟ್ಲರ್ ಮೊದಲಾದ 11 ಮಂದಿಗೆ ನಾಲ್ಕು ವರ್ಷದ ಕಠಿಣ ಸಜೆಯಾಯಿತು. ಒಂಬತ್ತು ಮಂದಿ ಕ್ಷಮಾದಾನ ಪಡೆದು ಹೊರಬಂದರು. ಮಿಷನರಿಗಳಾದ ವೂಸ್ಟರ್, ಬಟ್ಲರ್ ಇಬ್ಬರೇ ಮಿಲೆಡ್ಜ್‌ವಿಲ್ ಜೈಲಿನಲ್ಲಿ ಉಳಿದರು. 1832ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು: ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನಿಗೆ ಯಾವ ಬಲವೂ ಇಲ್ಲ. ವಾದಿಸಲು ಜಾರ್ಜಿಯಾ ಒಬ್ಬ ವಕೀಲನನ್ನೂ ಕಳುಹಿಸಿರಲಿಲ್ಲ.

ಮಾರ್ಷಲ್ ತೀರ್ಪು ಕೊಟ್ಟಾಗಿದೆ, ಈಗ ಅವರೇ ಜಾರಿ ಮಾಡಲಿ ಎಂದು ಜಾಕ್ಸನ್ ಸವಾಲೆಸೆದರೆಂಬ ಮಾತು ಪಠ್ಯಪುಸ್ತಕಗಳವರೆಗೆ ಹಬ್ಬಿದೆ. ಆ ಮಾತನ್ನು ಅಚ್ಚಿಗೆ ತಂದದ್ದು ಪತ್ರಕರ್ತ ಹೊರೇಸ್ ಗ್ರೀಲಿ, ಮೂರು ದಶಕ ಕಳೆದ ಮೇಲೆ, 1864ರಲ್ಲಿ. ಮಾತಿನ ಸತ್ಯಾಸತ್ಯಕ್ಕಿಂತ ದೊಡ್ಡ ತೊಡಕು ಬೇರೆಯದು. ಅಧ್ಯಕ್ಷರು ಪಾಲಿಸಬೇಕಾದ ಆದೇಶವೇ ಆಗ ಹುಟ್ಟಿರಲಿಲ್ಲ. 1789ರ ನ್ಯಾಯಾಂಗ ಕಾಯ್ದೆಯ 25ನೇ ಕಲಮಿನ ಪ್ರಕಾರ ತೀರ್ಪು ಮೊದಲು ರಾಜ್ಯದ ನ್ಯಾಯಾಲಯಕ್ಕೇ ಹೋಗಬೇಕು. ಅದು ಒಪ್ಪದಿದ್ದರೆ ಮಾತ್ರ ಸುಪ್ರೀಂ ಕೋರ್ಟ್ ತಾನೇ ಮುಂದಿನ ಹೆಜ್ಜೆ ಇಡಬಹುದು. ಜಾರ್ಜಿಯಾದ ನ್ಯಾಯಾಲಯ ಒಪ್ಪಲಿಲ್ಲ. ಒಪ್ಪಲಿಲ್ಲವೆಂಬುದನ್ನು ದಾಖಲೆಗೂ ಇಳಿಸಲಿಲ್ಲ. ಅಷ್ಟರಲ್ಲಿ ಸುಪ್ರೀಂ ಕೋರ್ಟಿನ ಅಧಿವೇಶನ ಮುಗಿದಿತ್ತು. ಅದು ಮತ್ತೆ ಸೇರುವುದು 1833ರ ಜನವರಿಗೆ. ರಾಜ್ಯದ ಸೆರೆಯಲ್ಲಿರುವವರನ್ನು ಹೇಬಿಯಸ್ ಕಾರ್ಪಸ್ ಮೂಲಕ ಬಿಡಿಸುವ ಅಧಿಕಾರವೂ ಆಗ ಕೇಂದ್ರದ ನ್ಯಾಯಾಲಯಗಳಿಗೆ ಇರಲಿಲ್ಲ. ಇದರಿಂದ ಜಾಕ್ಸನ್ ನಿರ್ದೋಷಿಯಾಗುವುದಿಲ್ಲ. ಚಿನ್ನದ ಪ್ರದೇಶದಿಂದ ಕೇಂದ್ರದ ಸೈನಿಕರನ್ನು ಹಿಂದಕ್ಕೆ ಕರೆಸಿದ್ದು ಅವರೇ. ತೀರ್ಪು ಸತ್ತೇ ಹುಟ್ಟಿತೆಂಬ ಅರ್ಥದ ಮಾತನ್ನು ಗೆಳೆಯನಿಗೆ ಪತ್ರದಲ್ಲಿ ಬರೆದದ್ದೂ ಅವರೇ. ಆದರೆ ಎಲ್ಲವನ್ನೂ ಒಬ್ಬನ ಹಟಕ್ಕೆ ಕಟ್ಟಿದರೆ ಕಾನೂನಿನೊಳಗಿನ ಬಿರುಕು ಕಾಣದೆ ಹೋಗುತ್ತದೆ. ಈ ಮೊಕದ್ದಮೆಯಲ್ಲಿ ಚೆರೋಕಿಗಳು ಕಕ್ಷಿದಾರರೇ ಅಲ್ಲ. ತೀರ್ಪಿನ ವಾದ ಇಡೀ ಒಂದು ಜನಾಂಗದ ನೆಲವನ್ನು ಕುರಿತದ್ದು. ಆದೇಶ ಮಾತ್ರ ಇಬ್ಬರ ಬಿಡುಗಡೆಯದು.

ಆ ಇಬ್ಬರೂ ಕೊನೆಗೆ ಮಣಿದರು. 1832ರ ನವೆಂಬರಿನಲ್ಲಿ ದಕ್ಷಿಣ ಕೆರೊಲಿನಾ ಕೇಂದ್ರದ ಸುಂಕದ ಕಾನೂನನ್ನು ಅಸಿಂಧುವೆಂದು ಸಾರಿತ್ತು. ಜಾರ್ಜಿಯಾವೂ ಅದರ ಜೊತೆಗೂಡಿದರೆ ಒಕ್ಕೂಟವೇ ಒಡೆದೀತೆಂಬ ಭಯ ವಾಷಿಂಗ್ಟನ್ನಿಗೆ. ಮೊಕದ್ದಮೆ ಕೈಬಿಡುವಂತೆ ಮಿಷನರಿಗಳ ಮೇಲೆ ಒತ್ತಡ ಬಂತು, ಮಿತ್ರರಿಂದಲೂ. 1833ರ ಜನವರಿ 14ರಂದು ಗವರ್ನರ್ ವಿಲ್ಸನ್ ಲಂಪ್ಕಿನ್ ಅವರನ್ನು ಬಿಟ್ಟರು. ಚೆರೋಕಿಗಳಿಗಿದ್ದ ಒಂದೇ ಕಾನೂನಿನ ಎಳೆ ಅಲ್ಲಿಗೆ ಹರಿಯಿತು. ಅವರ ಜಮೀನನ್ನು ಜಾರ್ಜಿಯಾ ಆಗಲೇ ಲಾಟರಿ ಎತ್ತಿ ಬಿಳಿಯರಿಗೆ ಹಂಚುತ್ತಿತ್ತು. ಮುಖ್ಯ ನಾಯಕ ಜಾನ್ ರಾಸ್‌ರ ಮನೆಯೂ ಹಾಗೆಯೇ ಹೋಯಿತು.

1835ರ ಡಿಸೆಂಬರ್ 29ರಂದು ಚೆರೋಕಿ ಮುಖಂಡ ಮೇಜರ್ ರಿಡ್ಜ್, ಬೂಡಿನಾಟ್ ಮೊದಲಾದ ಕೆಲವರು 50 ಲಕ್ಷ ಡಾಲರಿಗೆ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಅವರಿಗೆ ಜನರ ಒಪ್ಪಿಗೆ ಇರಲಿಲ್ಲ. ಸೆನೆಟ್ 31ಕ್ಕೆ 15 ಮತಗಳಿಂದ ಅದನ್ನು ಅಂಗೀಕರಿಸಿತು. ಒಪ್ಪಂದಕ್ಕೆ ಮೂರನೇ ಎರಡರಷ್ಟು ಮತ ಬೇಕಿದ್ದರಿಂದ ಒಬ್ಬ ಸೆನೆಟರ್ ಅತ್ತಿಂದಿತ್ತ ಸರಿದಿದ್ದರೂ ಬಿದ್ದುಹೋಗುತ್ತಿತ್ತು. 15,000ಕ್ಕೂ ಹೆಚ್ಚು ಹೆಸರುಗಳಿದ್ದ ರಾಸ್‌ರ ಮನವಿಗೆ ಬೆಲೆ ಸಿಗಲಿಲ್ಲ. 1838ರ ಮೇ ತಿಂಗಳಲ್ಲಿ ಜನರಲ್ ವಿನ್‌ಫೀಲ್ಡ್ ಸ್ಕಾಟ್‌ನ ಸೈನಿಕರು ಮನೆಮನೆ ಹೊಕ್ಕು ಜನರನ್ನು ಬೇಲಿಕಟ್ಟಿದ ಶಿಬಿರಗಳಿಗೆ ತುಂಬಿದರು. ಸುಮಾರು 16,000 ಮಂದಿ ಪಶ್ಚಿಮಕ್ಕೆ ಹೊರಡಬೇಕಾಯಿತು. ಶಿಬಿರಗಳಲ್ಲಿ ಭೇದಿ, ಜ್ವರ. ದಾರಿಯಲ್ಲಿ ಹೆಪ್ಪುಗಟ್ಟಿದ ಮಿಸಿಸಿಪಿ ನದಿ. ರಾಸ್‌ರ ಹೆಂಡತಿ ಕ್ವಾಟಿ ತೀರಿಕೊಂಡದ್ದು ಈ 'ಕಣ್ಣೀರ ಹಾದಿ'ಯಲ್ಲೇ. ಸತ್ತವರು ಸುಮಾರು 4,000 ಎಂಬ ಲೆಕ್ಕ ಮುಖ್ಯವಾಗಿ ಬಂದಿರುವುದು ಜೈಲಿನಿಂದ ಬಿಡುಗಡೆಯಾಗಿದ್ದ ಅದೇ ಬಟ್ಲರ್‌ರಿಂದ; ವೈದ್ಯರಾಗಿದ್ದ ಅವರೂ ಚೆರೋಕಿಗಳ ಜೊತೆ ಆ ದಾರಿ ಸವೆಸಿದ್ದರು.

ತೀರ್ಪು ಮಾತ್ರ ಕಡತಗಳಲ್ಲಿ ಬದುಕಿ ಉಳಿಯಿತು. ಬುಡಕಟ್ಟುಗಳ ಸ್ವಾಯತ್ತತೆಯ ವಾದಗಳು ಇಂದಿಗೂ ಅದನ್ನು ಆಧರಿಸುತ್ತವೆ. ಆದರೆ 2022ರಲ್ಲಿ ಚೆರೋಕಿ ಮಗುವೊಂದರ ಮೇಲಿನ ಅಪರಾಧದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 5ಕ್ಕೆ 4ರ ಬಹುಮತದಿಂದ ಅದರ ಬಲವನ್ನು ಮತ್ತಷ್ಟು ತಗ್ಗಿಸಿತು. ಜಾರ್ಜಿಯಾ ರಾಜ್ಯವು 1992ರಲ್ಲಿ ವೂಸ್ಟರ್ ಮತ್ತು ಬಟ್ಲರ್ ಇಬ್ಬರಿಗೂ ಅಧಿಕೃತವಾಗಿ ಕ್ಷಮಾದಾನ ನೀಡಿತು. ಲಾಟರಿಯಲ್ಲಿ ಹಂಚಿಹೋದ ನೆಲ ಹಂಚಿದವರ ಕಡೆಯೇ ಉಳಿದಿದೆ.